ಹೋದ ಬ್ಯಾಚಿನವರು ಈಗ ಎಲ್ಲಿದ್ದಾರೆ?

ನನಗೆ ಗೊತ್ತಿರುವವರೊಬ್ಬರು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ಆರು ವರ್ಷ ಹಿಡಿಯಿತು. ಮುಗಿದ ಮೇಲೆ ಒಂದು ವರ್ಷ ಕಂಪನಿಗಳಿಗೆ ಅರ್ಜಿ ಹಾಕಿದ್ದೇ ಹಾಕಿದ್ದು, ಒಂದು ಕಡೆಯಿಂದಲೂ ಕರೆ ಬರಲಿಲ್ಲ. ಕೊನೆಗೆ ಒಂದು ರಾತ್ರಿ ರೆಸ್ಯೂಮೆ ತೆಗೆದು ಪಿಎಚ್‌ಡಿ ಅನ್ನುವ ಸಾಲನ್ನೇ ಅಳಿಸಿಬಿಟ್ಟರು. ಹಾಗಾದರೆ ಆ ಆರು ವರ್ಷ ಏನು ಮಾಡುತ್ತಿದ್ದರು ಅಂತ ಬರೆಯಬೇಕಲ್ಲ? ‘ಲ್ಯಾಬ್ ಸಹಾಯಕ’ ಅಂತ ಹಾಕಿದರು. ಎರಡೇ ವಾರಕ್ಕೆ ಇಂಟರ್‌ವ್ಯೂಗೆ ಕರೆ ಬಂತು, ಕೆಲಸವೂ ಸಿಕ್ಕಿತು.

ಇಲ್ಲದ ಡಿಗ್ರಿ ಇದೆ ಅಂತ ಬರೆದುಕೊಂಡವರ ಸುದ್ದಿ ಎಲ್ಲರೂ ಕೇಳಿರುತ್ತೇವೆ. ಇದ್ದ ಡಿಗ್ರಿಯನ್ನು ಬಚ್ಚಿಟ್ಟು ಕೆಲಸ ಹಿಡಿದವರ ಕಥೆ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ವಿಚಾರಿಸುತ್ತ ಹೋದರೆ ಅಂಥವರು ಇನ್ನೂ ಕೆಲವರು ಸಿಕ್ಕರು.

ಇಂಥ ಕಥೆ ಹೇಳಿದಾಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡುತ್ತಾರೆ. ‘ಓದಿದ್ದು ಜಾಸ್ತಿಯಾಯ್ತು’ ಅನ್ನುತ್ತಾರೆ. ಇಲ್ಲವೇ ‘ಅವರಲ್ಲೇ ಏನೋ ಕೊರತೆ ಇರಬೇಕು’ ಅನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಉನ್ನತ ಓದಿನ ಸೀಟುಗಳು ಎಷ್ಟಿರಬೇಕು ಅನ್ನುವುದು ಓದುವವರ ಮುಂದಿನ ಬದುಕನ್ನು ನೋಡಿ ತೀರ್ಮಾನವಾಗುವುದೇ ಇಲ್ಲ. ಸೀಟು ಕೊಡುವ ಸಂಸ್ಥೆಗೆ ಇವತ್ತು ಎಷ್ಟು ಕೈಗಳು ಬೇಕು, ಎಷ್ಟು ಶುಲ್ಕ ಬೇಕು ಅನ್ನುವುದನ್ನು ನೋಡಿ ಆಗುತ್ತದೆ. ನಿರಾಸೆಯ ಬೇರು ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಪಿಎಚ್‌ಡಿ ಮಾಡಿದವರೆಲ್ಲ ಕೆಲಸವಿಲ್ಲದೆ ಅಲೆಯುತ್ತಿದ್ದಾರೆ ಅನ್ನುವುದು ನಿಜವಲ್ಲ. ಅಮೆರಿಕದ ಸರ್ಕಾರ 2023ಕ್ಕೆ ಕೊಟ್ಟ ಲೆಕ್ಕ ನೋಡಿ. ಪಿಎಚ್‌ಡಿ ಆದವರಲ್ಲಿ ನಿರುದ್ಯೋಗ ಶೇ 1.6, ಹೈಸ್ಕೂಲಿಗೆ ಓದು ನಿಲ್ಲಿಸಿದವರಲ್ಲಿ ಶೇ 3.9. ವಾರದ ಸಂಬಳದಲ್ಲೂ ಪಿಎಚ್‌ಡಿಯವರು ಮುಂದೆ. ಬರೀ ಪದವಿ ಇದ್ದವರ ನಡುಮಟ್ಟದ ಗಳಿಕೆ 1,493 ಡಾಲರ್ ಇದ್ದರೆ ಇವರದ್ದು 2,109 ಡಾಲರ್. ಇಷ್ಟನ್ನು ನೋಡಿದವರು ‘ಮತ್ತೆ ಈ ಗೋಳೇಕೆ?’ ಅಂತ ಕೇಳುವುದು ಸಹಜ.

ಆದರೆ ಸರಾಸರಿಯ ಲೆಕ್ಕ ಎರಡು ವಿಷಯ ಹೇಳುವುದಿಲ್ಲ. ಆ ಕೆಲಸ ಸಿಗುವ ಹೊತ್ತಿಗೆ ವಯಸ್ಸು ಎಷ್ಟಾಗಿತ್ತು ಅನ್ನುವುದು ಒಂದು. ಯಾವ ಕೆಲಸಕ್ಕೆ ಅಂತ ಹತ್ತು ವರ್ಷ ತಯಾರಾದರೋ ಸಿಕ್ಕಿದ್ದು ಅದೇನಾ ಅನ್ನುವುದು ಇನ್ನೊಂದು. ಹೊಟ್ಟೆಪಾಡಿಗೆ ಕೆಲಸ ಇರುತ್ತದೆ. ಹೇಳಿಕೊಟ್ಟ ಕನಸಿಗೂ ಅದಕ್ಕೂ ಸಂಬಂಧ ಇರುವುದಿಲ್ಲ, ಅಷ್ಟೇ.

ಒಂದು ಕುರ್ಚಿ, ಎಂಟು ಜನ

ಕನಸು ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ಪಿಎಚ್‌ಡಿಗೆ ಸೇರುವ ಬಹಳಷ್ಟು ಜನರ ಮನಸ್ಸಿನಲ್ಲಿ ಪ್ರಾಧ್ಯಾಪಕರ ಕುರ್ಚಿ ಇರುತ್ತದೆ. ಅವರ ಕಣ್ಣೆದುರು ಇರುವ ಮಾದರಿಯೂ ಅದೊಂದೇ. ಗೈಡ್ ಪ್ರಾಧ್ಯಾಪಕರು, ಗೈಡಿನ ಗೆಳೆಯರೂ ಪ್ರಾಧ್ಯಾಪಕರು, ವಿಚಾರ ಸಂಕಿರಣದಲ್ಲಿ ಸಿಗುವವರೂ ಅವರೇ. ಬಿಟ್ಟು ಹೋದವರು ಆ ಕಾರಿಡಾರಿನಲ್ಲಿ ಕಾಣುವುದಿಲ್ಲವಲ್ಲ.

2014ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದಕ್ಕೊಂದು ಲೆಕ್ಕ ಹಾಕಿದರು. ಸಾಂಕ್ರಾಮಿಕ ರೋಗದಲ್ಲಿ ಒಬ್ಬ ರೋಗಿಯಿಂದ ಎಷ್ಟು ಜನಕ್ಕೆ ಸೋಂಕು ಹರಡುತ್ತದೆ ಅಂತ ಅಳೆಯುವ ಸಂಖ್ಯೆಯೊಂದಿದೆ. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ಕೇಳಿರುತ್ತೀರಿ. ಅದನ್ನೇ ಪ್ರಾಧ್ಯಾಪಕರಿಗೆ ಹಚ್ಚಿದರು. ಎಂಜಿನಿಯರಿಂಗ್ ವಿಭಾಗಗಳಲ್ಲಿ ಒಬ್ಬ ಪ್ರಾಧ್ಯಾಪಕರು ತಮ್ಮ ಇಡೀ ವೃತ್ತಿಯಲ್ಲಿ ಸರಾಸರಿ 7.8 ಜನರನ್ನು ಪಿಎಚ್‌ಡಿ ಮಾಡಿಸಿ ಕಳಿಸುತ್ತಾರೆ ಅಂತ ಬಂತು. ಅವರು ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಹೊಸ ಕುರ್ಚಿಗಳು ಹುಟ್ಟದಿದ್ದರೆ ಎಂಟರಲ್ಲಿ ಒಬ್ಬರಿಗೆ ಜಾಗ. ಉಳಿದ ಏಳು ಜನ ಎಷ್ಟೇ ಬುದ್ಧಿವಂತರಾಗಿರಲಿ, ಎಷ್ಟೇ ರಾತ್ರಿ ನಿದ್ದೆಗೆಡಲಿ, ಲೆಕ್ಕ ಬದಲಾಗುವುದಿಲ್ಲ.

ಬ್ರಿಟನ್ನಿನ ರಾಯಲ್ ಸೊಸೈಟಿ 2010ರಲ್ಲಿ ಕೊಟ್ಟ ಚಿತ್ರ ಇನ್ನೂ ಕಠೋರ. ಅಲ್ಲಿ ವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದ ನೂರು ಜನರಲ್ಲಿ 53 ಜನ ಮುಗಿದ ಕೂಡಲೇ ವಿಜ್ಞಾನವನ್ನೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ವಿಶ್ವವಿದ್ಯಾಲಯದಲ್ಲಿ ಕಾಯಂ ಸಂಶೋಧಕರಾಗುವವರು ಮೂರೂವರೆ ಜನ. ಪ್ರಾಧ್ಯಾಪಕರ ಹುದ್ದೆ ತಲುಪುವವರು ಶೇ 0.45. ಅಂದರೆ ಇನ್ನೂರರಲ್ಲಿ ಒಬ್ಬರೂ ಇಲ್ಲ.

ಆ ಒಬ್ಬರು ಯಾರು ಅನ್ನುವುದೂ ಸ್ವಲ್ಪ ಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ. 2015ರಲ್ಲಿ ಅಮೆರಿಕದ ಸುಮಾರು 19 ಸಾವಿರ ಅಧ್ಯಾಪಕರು ಎಲ್ಲಿ ಓದಿ ಬಂದವರು ಅಂತ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಕಂಪ್ಯೂಟರ್ ವಿಜ್ಞಾನ, ವ್ಯವಹಾರ ಅಧ್ಯಯನ, ಇತಿಹಾಸ, ಈ ಮೂರು ವಿಷಯಗಳನ್ನು ಹಿಡಿದು ನೋಡಿದ್ದರು. ನಾಲ್ಕನೇ ಒಂದು ಭಾಗದಷ್ಟು ಸಂಸ್ಥೆಗಳಿಂದಲೇ ಶೇ 71ರಿಂದ 86ರಷ್ಟು ಅಧ್ಯಾಪಕರು ಬಂದಿದ್ದರು. ಉಳಿದ ಮುಕ್ಕಾಲು ಭಾಗ ಸಂಸ್ಥೆಗಳೂ ಪಿಎಚ್‌ಡಿ ಕೊಡುತ್ತಲೇ ಇವೆ. ಸೇರಿಸಿಕೊಳ್ಳುವಾಗ ಈ ಮಾತನ್ನು ಯಾರೂ ಎತ್ತುವುದಿಲ್ಲ.

ಇದು ಹೊಸ ದೂರು ಅಂದುಕೊಳ್ಳಬೇಡಿ. ಸಂಶೋಧನೆಯ ಪಿಎಚ್‌ಡಿ ಜರ್ಮನಿಯಲ್ಲಿ ಬೆಳೆದು, 1861ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂಲಕ ಅಮೆರಿಕಕ್ಕೆ ಬಂತು. 1903ರ ಹೊತ್ತಿಗಾಗಲೇ ಹಾರ್ವರ್ಡ್‌ನ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದನ್ನು ಆಕ್ಟೋಪಸ್‌ಗೆ ಹೋಲಿಸಿ ಬರೆದಿದ್ದರು. ತತ್ವಶಾಸ್ತ್ರ ಚೆನ್ನಾಗಿ ಓದಿದ್ದ ಹುಡುಗನೊಬ್ಬನಿಗೆ ಇನ್ನೊಂದು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಕೆಲಸ ಸಿಕ್ಕಿತ್ತು. ಆ ಕಾಲೇಜು ಪಿಎಚ್‌ಡಿ ಇರಲೇಬೇಕು ಅಂತ ಹಟ ಹಿಡಿಯಿತು. ತತ್ವಶಾಸ್ತ್ರದ ಪಿಎಚ್‌ಡಿಯಿಂದ ಸಾಹಿತ್ಯ ಕಲಿಸುವುದಕ್ಕೆ ಏನು ಲಾಭ ಅಂತ ಜೇಮ್ಸ್ ಕೇಳಿದರು. ಕಾಲೇಜಿಗೆ ಬೇಕಿದ್ದದ್ದು ಹೆಸರಿನ ಪಕ್ಕದ ಆ ಅಕ್ಷರಗಳು ಮಾತ್ರ.

ನಡುವೆ ಒಂದು ಸುಗ್ಗಿಯ ಕಾಲ ಬಂದುಹೋಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ಅಮೆರಿಕ ಉನ್ನತ ಶಿಕ್ಷಣಕ್ಕೆ ದೊಡ್ಡ ಮೊತ್ತ ಸುರಿಯುವ ಕಾನೂನು ಮಾಡಿತು. ವಿಶ್ವವಿದ್ಯಾಲಯಗಳು ಹಬ್ಬಿದವು. ಥೀಸಿಸ್ ಮುಗಿಯುವ ಮೊದಲೇ ಕೆಲಸ ಕೈಯಲ್ಲಿರುತ್ತಿದ್ದ ದಿನಗಳವು. 1970ರ ಆಸುಪಾಸಿಗೆ ಆ ಸುಗ್ಗಿ ಮುಗಿದಿತ್ತು. ಆದರೆ ಅಂದು ಕೆಲಸಕ್ಕೆ ಸೇರಿದವರು ಮುಂದಿನ ಮೂವತ್ತು ವರ್ಷ ಗೈಡ್‌ಗಳಾಗಿದ್ದರು. ‘ಚೆನ್ನಾಗಿ ಮಾಡು, ಕೆಲಸ ತಾನಾಗಿ ಬರುತ್ತದೆ’ ಅನ್ನುವ ಮಾತು ಅವರ ಪಾಲಿಗೆ ಸತ್ಯವಾಗಿತ್ತು. ಅವರು ಸುಳ್ಳು ಹೇಳಲಿಲ್ಲ. ಹಳೆಯ ಪಂಚಾಂಗ ನೋಡಿ ಹೇಳಿದರು.

ಪರಿಣತರೂ ಎಡವಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ಬೋವನ್ 1989ರಲ್ಲಿ ಒಂದು ಅಧ್ಯಯನ ತಂದರು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಅಧ್ಯಾಪಕರ ಕೊರತೆ ಶುರುವಾಗುತ್ತದೆ ಅಂತ ಅದು ಹೇಳಿತು. ಇದನ್ನು ನಂಬಿ ಎಷ್ಟೋ ಜನ ಪಿಎಚ್‌ಡಿ ಸೇರಿದರು. ಆ ಕೊರತೆ ಬರಲೇ ಇಲ್ಲ. 1994ರಲ್ಲಿ ಅಲ್ಲಿನ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿಯೂ ಹೋಯಿತು. ಖಾಲಿಯಾದ ಕಾಯಂ ಹುದ್ದೆಗಳು ಬಹಳಷ್ಟು ಕಡೆ ಗುತ್ತಿಗೆ ಹುದ್ದೆಗಳಾದವು. ಅಮೆರಿಕದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘದ ಪ್ರಕಾರ 1987ರಲ್ಲಿ ಗುತ್ತಿಗೆ ಮತ್ತು ಅರೆಕಾಲಿಕ ಅಧ್ಯಾಪಕರು ಶೇ 47ರಷ್ಟಿದ್ದರು. 2021ಕ್ಕೆ ಶೇ 68.

ಸೀಟು ಯಾಕೆ ಕಡಿಮೆಯಾಗುವುದಿಲ್ಲ?

ಬೇರೆ ಯಾವ ಕಸುಬಿನಲ್ಲಾದರೂ ಹೀಗಾಗಿದ್ದರೆ ಕಲಿಸುವವರು ಕಲಿಯುವವರ ಸಂಖ್ಯೆ ಕಡಿಮೆ ಮಾಡುತ್ತಿದ್ದರು. ಇಲ್ಲಿ ಹಾಗಾಗುವುದಿಲ್ಲ. ಕಾರಣ ಸರಳ. ಪಿಎಚ್‌ಡಿ ವಿದ್ಯಾರ್ಥಿ ಬರೀ ವಿದ್ಯಾರ್ಥಿಯಲ್ಲ, ಕಡಿಮೆ ಸಂಬಳದ ಕೆಲಸಗಾರ ಕೂಡ.

ಒಂದು ಲ್ಯಾಬ್ ಹೇಗೆ ನಡೆಯುತ್ತದೆ ನೋಡಿ. ಪ್ರಾಧ್ಯಾಪಕರು ಸಂಶೋಧನಾ ಅನುದಾನ ತರಬೇಕು. ಅನುದಾನ ಬೇಕಾದರೆ ಪೇಪರ್‌ಗಳು ಬೇಕು. ಪೇಪರ್‌ಗೆ ಪ್ರಯೋಗಗಳು ಬೇಕು. ಪ್ರಯೋಗ ಮಾಡುವ ಕೈ ಯಾರದ್ದು? ವಿದ್ಯಾರ್ಥಿಯದು, ಪಿಎಚ್‌ಡಿ ಮುಗಿಸಿ ತಾತ್ಕಾಲಿಕವಾಗಿ ಸಂಶೋಧನೆ ಮಾಡುವ ಪೋಸ್ಟ್‌ಡಾಕ್‌ನದು. ಒಬ್ಬ ಕಾಯಂ ವಿಜ್ಞಾನಿಗೆ ಕೊಡುವ ಸಂಬಳದಲ್ಲಿ ಹಲವು ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡಬಹುದು. ಅವರು ವಾರಾಂತ್ಯದಲ್ಲೂ ಬರುತ್ತಾರೆ. ಐದಾರು ವರ್ಷಕ್ಕೆ ತಾವಾಗಿಯೇ ಹೊರಡುತ್ತಾರೆ, ಹೊಸಬರು ಬರುತ್ತಾರೆ. ಪ್ರಯೋಗಗಳಿಲ್ಲದ ವಿಭಾಗಗಳಲ್ಲೂ ಇದೇ ಕಥೆ. ಅಲ್ಲಿ ಪದವಿ ತರಗತಿಗಳಿಗೆ ಪಾಠ ಮಾಡುವುದು, ಉತ್ತರಪತ್ರಿಕೆ ತಿದ್ದುವುದು ಸಂಶೋಧನಾ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ.

ಹಾಗಾಗಿ ಹಣ ಹೆಚ್ಚು ಬಂದರೆ ಸಮಸ್ಯೆ ತೀರುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ. ಸಂಶೋಧನೆಗೆ ಅನುದಾನ ಕೊಡುವ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬಜೆಟ್ 1998ರಿಂದ 2003ರ ನಡುವೆ ದುಪ್ಪಟ್ಟಾಯಿತು. ಆ ಹಣದಲ್ಲಿ ಹೊಸ ಲ್ಯಾಬ್‌ಗಳು ಎದ್ದವು, ಸಾವಿರಾರು ವಿದ್ಯಾರ್ಥಿಗಳು ಸೇರಿದರು. ಆಮೇಲೆ ಬಜೆಟ್ ಬೆಳೆಯುವುದು ನಿಂತಿತು. ಈ ವಿದ್ಯಾರ್ಥಿಗಳು ಓದು ಮುಗಿಸಿ ಹೊರಬರುವ ಹೊತ್ತಿಗೆ ಮುಂದೆ ದಾರಿ ಇರಲಿಲ್ಲ. 2014ರಲ್ಲಿ ನಾಲ್ವರು ಹಿರಿಯ ವಿಜ್ಞಾನಿಗಳು ಇಡೀ ವ್ಯವಸ್ಥೆಯ ತಳಹದಿಯೇ ತಪ್ಪು ಅಂತ ಬರೆದರು. ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕಿರ್ಶ್‌ನರ್, ಶರ್ಲಿ ಟಿಲ್ಗ್‌ಮನ್, ಹೆರಾಲ್ಡ್ ವಾರ್ಮಸ್. ವಾರ್ಮಸ್ ನೊಬೆಲ್ ಪಡೆದವರು, ಹಿಂದೆ ಅದೇ ಆರೋಗ್ಯ ಸಂಸ್ಥೆಯನ್ನು ನಡೆಸಿದವರು. ವಿಜ್ಞಾನ ಎಂದೆಂದಿಗೂ ಬೆಳೆಯುತ್ತಲೇ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಎಲ್ಲ ಕಟ್ಟಿದ್ದೇವೆ, ಅದು ಆಗದ ಮಾತು ಅನ್ನುವುದು ಅವರ ವಾದವಾಗಿತ್ತು. ಪಿಎಚ್‌ಡಿ ಸಂಖ್ಯೆಯನ್ನು ನಿಧಾನವಾಗಿ ಇಳಿಸಬೇಕು, ಕಾಯಂ ಸಿಬ್ಬಂದಿಯನ್ನು ಹೆಚ್ಚಿಸಬೇಕು ಅಂದರು. ಹೊಗಳಿದವರು ಬಹಳ. ತಮ್ಮ ಲ್ಯಾಬಿನಲ್ಲಿ ಜನ ಇಳಿಸಿದವರು ಎಷ್ಟೋ, ನನಗೆ ಅನುಮಾನ.

ಪಿಎಚ್‌ಡಿಗೂ ಕಾಯಂ ಕೆಲಸಕ್ಕೂ ನಡುವೆ ಪೋಸ್ಟ್‌ಡಾಕ್ ಅನ್ನುವ ಒಂದು ತಂಗುದಾಣ ಇದೆ. ಒಂದೆರಡು ವರ್ಷ ಇದ್ದು ಹೊರಡಬೇಕಾದ ಜಾಗ. ಈಗ ಕೆಲವರು ಅಲ್ಲೇ ಮೂರು ಊರು, ಮೂರು ಲ್ಯಾಬ್ ಬದಲಿಸಿ ನಲವತ್ತು ದಾಟುತ್ತಾರೆ. ಹೀಗೆ ಕಾಯುವುದಕ್ಕೆ ಬೆಲೆ ಇದೆ. ಜೀವವೈದ್ಯಕೀಯ ವಿಜ್ಞಾನದಲ್ಲಿ ಪೋಸ್ಟ್‌ಡಾಕ್ ಮಾಡಿದವರನ್ನೂ ನೇರವಾಗಿ ಕೆಲಸಕ್ಕೆ ಸೇರಿದವರನ್ನೂ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಮೊದಲ ಹದಿನೈದು ವರ್ಷದ ಗಳಿಕೆಯಲ್ಲಿ ಪೋಸ್ಟ್‌ಡಾಕ್ ಮಾಡಿದವರು ಶೇ 17ರಿಂದ 21ರಷ್ಟನ್ನು ಕಳೆದುಕೊಂಡಿದ್ದರು. ದುಡ್ಡಿನ ಲೆಕ್ಕ ಅಷ್ಟು. ಮದುವೆ, ಮಕ್ಕಳು, ಮನೆ ಅಂತ ಮುಂದೂಡಿದ ಲೆಕ್ಕಗಳು ಅದರಲ್ಲಿ ಸೇರಿಲ್ಲ.

ಜರ್ಮನಿಯಲ್ಲಿ ಇದು ಬೀದಿಗೆ ಬಂದ ಬಗೆ ಸ್ವಾರಸ್ಯವಾಗಿದೆ. ಅಲ್ಲಿ 2007ರ ಕಾನೂನೊಂದರ ಪ್ರಕಾರ ಸಂಶೋಧಕರನ್ನು ಪಿಎಚ್‌ಡಿಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ ಗುತ್ತಿಗೆಯ ಮೇಲೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಕಾಯಂ ಆಗದಿದ್ದರೆ ಸಾಮಾನ್ಯವಾಗಿ ಹೊರಗೆ. ಇದನ್ನು ವಿವರಿಸಲು ಅಲ್ಲಿನ ಶಿಕ್ಷಣ ಸಚಿವಾಲಯ ಹನಾ ಅನ್ನುವ ಕಾಲ್ಪನಿಕ ಜೀವವಿಜ್ಞಾನಿಯ ಕಾರ್ಟೂನ್ ವಿಡಿಯೊ ಮಾಡಿತ್ತು. ಒಂದೇ ತಲೆಮಾರಿನವರು ಎಲ್ಲ ಹುದ್ದೆಗಳಿಗೆ ಅಡ್ಡ ಕೂತು ದಾರಿ ಕಟ್ಟಬಾರದು, ಅದಕ್ಕೇ ಈ ಕಾನೂನು ಅನ್ನುವುದು ವಿಡಿಯೊದ ಸಾರ. 2021ರಲ್ಲಿ ಸಂಶೋಧಕರು ಅದನ್ನು ಕಂಡು ಕಿಡಿಕಿಡಿಯಾದರು. ‘ನಾನೇ ಹನಾ’ ಅನ್ನುವ ಹ್ಯಾಷ್‌ಟ್ಯಾಗ್ ಹಾಕಿ ಸಾವಿರಾರು ಜನ ತಮ್ಮ ವಯಸ್ಸು, ಇಲ್ಲಿಯವರೆಗಿನ ಗುತ್ತಿಗೆಗಳ ಸಂಖ್ಯೆ ಬರೆದರು. ಸಚಿವಾಲಯ ವಿಡಿಯೊ ತೆಗೆದುಹಾಕಿತು. ಗುತ್ತಿಗೆ ಪದ್ಧತಿ ಉಳಿಯಿತು.

ಜಪಾನಿನವರು ಬೇರೆ ರೀತಿಯಲ್ಲಿ ಉತ್ತರ ಕೊಟ್ಟರು. 1996ರಲ್ಲಿ ಅಲ್ಲಿನ ಸರ್ಕಾರ ಹತ್ತು ಸಾವಿರ ಪೋಸ್ಟ್‌ಡಾಕ್‌ಗಳಿಗೆ ನೆರವು ಕೊಡುವ ಯೋಜನೆ ತಂದಿತು. ಗುರಿ ಬೇಗ ಮುಟ್ಟಿತು. ಅಷ್ಟು ಜನರಿಗೆ ಮುಂದೆ ಕಾಯಂ ಹುದ್ದೆ ಎಲ್ಲಿಂದ ಬರಬೇಕು ಅನ್ನುವುದಕ್ಕೆ ಮಾತ್ರ ಯೋಜನೆ ಇರಲಿಲ್ಲ. ಅಣ್ಣಂದಿರು, ಅಕ್ಕಂದಿರು ಗುತ್ತಿಗೆಯಲ್ಲಿ ಒದ್ದಾಡುವುದನ್ನು ಚಿಕ್ಕವರು ನೋಡಿದರು. ಪಿಎಚ್‌ಡಿಗೆ ಸೇರುವವರ ಸಂಖ್ಯೆ 2003ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. ಈಗ ಅದೇ ಸರ್ಕಾರ ಪಿಎಚ್‌ಡಿಗೆ ಬನ್ನಿ ಅಂತ ಜೀವನವೆಚ್ಚ ಕೊಟ್ಟು ಕರೆಯುತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

2025ರಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿತ ಮಾಡಿದವು. ಕೊನೆಗೂ ಬುದ್ಧಿ ಬಂತು ಅನ್ನಬೇಡಿ. ಸರ್ಕಾರದ ಅನುದಾನಕ್ಕೆ ಕತ್ತರಿ ಬಿದ್ದಿದ್ದು ಕಾರಣ. ಸಂಸ್ಥೆಯ ಕೈಯಲ್ಲಿರುವ ಹಣವೇ ಆಗಲೂ ಈಗಲೂ ಸೀಟನ್ನು ತೀರ್ಮಾನಿಸಿದ್ದು.

ತುದಿಗಾಲಲ್ಲಿ ನಿಂತವರು

ಮಾಸ್ಟರ್ಸ್ ಕಥೆ ಬೇರೆ. ಪಿಎಚ್‌ಡಿಯಲ್ಲಿ ಸಂಸ್ಥೆಗೆ ನಿಮ್ಮ ದುಡಿಮೆ ಬೇಕು. ಮಾಸ್ಟರ್ಸ್‌ನಲ್ಲಿ ನಿಮ್ಮ ಶುಲ್ಕ ಬೇಕು.

ಓದಿಗೆ ಯಾಕೆ ಸಂಬಳ ಜಾಸ್ತಿ ಅನ್ನುವುದಕ್ಕೆ ಅರ್ಥಶಾಸ್ತ್ರಜ್ಞರಲ್ಲಿ ಎರಡು ವಿವರಣೆ ಇದೆ. ಓದಿದವನಿಗೆ ಕೆಲಸ ಚೆನ್ನಾಗಿ ಬರುತ್ತದೆ, ಅದಕ್ಕೇ ಜಾಸ್ತಿ ಕೊಡುತ್ತಾರೆ ಅಂತ ಗ್ಯಾರಿ ಬೆಕರ್ 1960ರ ದಶಕದಲ್ಲಿ ವಾದಿಸಿದರು. 1973ರಲ್ಲಿ ಮೈಕೆಲ್ ಸ್ಪೆನ್ಸ್ ಇನ್ನೊಂದು ದಾರಿ ತೋರಿಸಿದರು. ಕೆಲಸ ಕೊಡುವವನಿಗೆ ಎದುರಿಗಿರುವವನು ಎಂಥವನು ಅಂತ ಗೊತ್ತಿರುವುದಿಲ್ಲ. ಕಷ್ಟದ ಡಿಗ್ರಿ ಮುಗಿಸಿದ್ದಾನೆ ಅಂದರೆ ಕೈಲಾಗುವವನೇ ಇರಬೇಕು ಅಂತ ಅಂದಾಜು ಮಾಡುತ್ತಾನೆ. ಅಂದರೆ ಡಿಗ್ರಿ ಒಂದು ಗುರುತಿನ ಚೀಟಿ. ಒಳಗೆ ಏನು ಕಲಿತೆ ಅನ್ನುವುದು ಆಮೇಲಿನ ಮಾತು. ಇಬ್ಬರಿಗೂ ನೊಬೆಲ್ ಸಿಕ್ಕಿದೆ. ನಿಜ ಎರಡರ ನಡುವೆ ಎಲ್ಲೋ ಇದೆ.

ಗುರುತಿನ ಚೀಟಿಯ ಗುಣ ಏನೆಂದರೆ, ಎಲ್ಲರ ಹತ್ತಿರವೂ ಇದ್ದರೆ ಅದಕ್ಕೆ ಬೆಲೆ ಇಲ್ಲ. ಫ್ರೆಡ್ ಹರ್ಷ್ ಅನ್ನುವ ಅರ್ಥಶಾಸ್ತ್ರಜ್ಞ 1976ರಲ್ಲಿ ಇದನ್ನು ಸೊಗಸಾಗಿ ಹೇಳಿದ್ದರು. ಮೆರವಣಿಗೆ ನೋಡಲು ನಿಂತ ಗುಂಪಿನಲ್ಲಿ ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ಹೆಚ್ಚು ಕಾಣುವುದಿಲ್ಲ. ಹಾಗಂತ ನೀವೊಬ್ಬರೇ ಕಾಲು ಕೆಳಗಿಟ್ಟರೆ ಏನೂ ಕಾಣುವುದಿಲ್ಲ. ಮಾಸ್ಟರ್ಸ್ ಮಾಡುವ ಎಷ್ಟೋ ಜನರ ಸ್ಥಿತಿ ಇದೇ. ಅದರಿಂದ ಮೇಲೆ ಹೋಗುತ್ತೇವೆ ಅನ್ನುವ ನಂಬಿಕೆ ಅವರಿಗಿಲ್ಲ. ಮಾಡದಿದ್ದರೆ ಹಿಂದೆ ಬೀಳುತ್ತೇವೆ ಅನ್ನುವ ಭಯ ಇದೆ.

ಕೆಲಸ ಕೊಡುವವರೂ ಇದಕ್ಕೆ ನೀರೆರೆದಿದ್ದಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2017ರಲ್ಲಿ ಅಮೆರಿಕದ ಕೆಲಸದ ಜಾಹೀರಾತುಗಳನ್ನು ನೋಡಿತು. ಕಾರ್ಖಾನೆಯ ಮೇಲ್ವಿಚಾರಕ ಹುದ್ದೆಗೆ ಶೇ 67ರಷ್ಟು ಜಾಹೀರಾತುಗಳು ಪದವಿ ಕೇಳುತ್ತಿದ್ದವು. ಆಗ ಅದೇ ಕೆಲಸ ಮಾಡುತ್ತಿದ್ದವರಲ್ಲಿ ಪದವಿ ಇದ್ದವರು ಶೇ 16 ಮಾತ್ರ. ಪದವಿಗೇ ಹೀಗಾದರೆ, ಪದವಿ ಇದ್ದವರು ಬೇರೆಯಾಗಿ ಕಾಣಲು ಇನ್ನೊಂದು ಮೆಟ್ಟಿಲು ಹತ್ತಬೇಕು. ಹತ್ತಿದರು. ‘ಡಿಗ್ರಿ ಬೇಡ, ಕೌಶಲ ಸಾಕು’ ಅಂತ ದೊಡ್ಡ ಕಂಪನಿಗಳು ಈಚೆಗೆ ಘೋಷಿಸಿದ್ದು ನಿಮಗೂ ನೆನಪಿರಬಹುದು. ಅದರ ಫಲ ಏನಾಯಿತು ಅಂತ 2024ರಲ್ಲಿ ಅದೇ ಸಂಸ್ಥೆಯವರು ಉದ್ಯೋಗಗಳ ಬಗ್ಗೆ ಅಧ್ಯಯನ ಮಾಡುವ ಬರ್ನಿಂಗ್ ಗ್ಲಾಸ್ ಸಂಸ್ಥೆಯ ಜತೆ ಸೇರಿ ಲೆಕ್ಕ ಹಾಕಿದರು. ಈ ಘೋಷಣೆಯಿಂದ ಡಿಗ್ರಿ ಇಲ್ಲದವರಿಗೆ ಸಿಕ್ಕ ಕೆಲಸ ಏಳುನೂರು ನೇಮಕಾತಿಗೆ ಒಂದಕ್ಕಿಂತಲೂ ಕಡಿಮೆ. ಡಿಗ್ರಿ ಇದ್ದರೆ ಸಾಲದು, ಇಲ್ಲದಿದ್ದರೆ ಆಗದು.

ಮಾಸ್ಟರ್ಸ್‌ನಿಂದ ಲಾಭವಿದೆಯಾ? ಬ್ರಿಟನ್ನಿನಲ್ಲಿ ಹಣಕಾಸು ಅಧ್ಯಯನ ಸಂಸ್ಥೆ 2020ರಲ್ಲಿ ಇದನ್ನು ನೋಡಿತು. ಮೇಲ್ನೋಟಕ್ಕೆ ಸ್ನಾತಕೋತ್ತರ ಓದಿದವರ ಗಳಿಕೆ ಜಾಸ್ತಿ. ಆದರೆ ಅವರು ಮೊದಲಿನಿಂದಲೂ ಹೆಚ್ಚು ಅಂಕ ತೆಗೆದವರು, ಅನುಕೂಲಸ್ಥ ಮನೆಯವರು. ಆ ವ್ಯತ್ಯಾಸ ಕಳೆದರೆ ಮಾಸ್ಟರ್ಸ್‌ನ ಸರಾಸರಿ ಲಾಭ ಹೆಚ್ಚುಕಡಿಮೆ ಮಾಯ. ಎಲ್ಲ ವಿಷಯಗಳಿಗೂ ಇದೇ ಮಾತು ಅನ್ವಯವಾಗುವುದಿಲ್ಲ. ಕಾನೂನು, ವ್ಯವಹಾರ ಅಧ್ಯಯನದಂಥವುಗಳಲ್ಲಿ ಲಾಭ ಚೆನ್ನಾಗಿಯೇ ಇತ್ತು. ಸಾಹಿತ್ಯ, ಇತಿಹಾಸದ ಕಡೆಯವರಲ್ಲಿ ಕೆಲವರಿಗೆ ನಷ್ಟವೇ ಆಗಿತ್ತು. ಪ್ರವೇಶದ ಜಾಹೀರಾತಿನಲ್ಲಿ ಮಾತ್ರ ಎಲ್ಲ ವಿಷಯದ ವಿದ್ಯಾರ್ಥಿಯೂ ಒಂದೇ ರೀತಿ ನಗುತ್ತಿರುತ್ತಾನೆ.

ಅಮೆರಿಕದಲ್ಲಿ 2006ರಿಂದ ಸ್ನಾತಕೋತ್ತರ ಓದಿಗೆ ಸರ್ಕಾರ ಹೆಚ್ಚುಕಡಿಮೆ ಮಿತಿಯಿಲ್ಲದೆ ಸಾಲ ಕೊಡುತ್ತಿತ್ತು. ಕಾಲೇಜು ಎಷ್ಟು ಖರ್ಚು ಹೇಳುತ್ತದೋ ಅಷ್ಟು ಸಾಲ. ಹೀಗಿದ್ದರೆ ಖರ್ಚು ಯಾರು ಕಡಿಮೆ ಹೇಳುತ್ತಾರೆ, ಅಲ್ವಾ? 2025ರ ಕಾನೂನು ಇದನ್ನು ನಿಲ್ಲಿಸಿತು. 2026ರ ಜುಲೈನಿಂದ ಹೊಸದಾಗಿ ಸಾಲ ಪಡೆಯುವವರಿಗೆ ಸ್ನಾತಕೋತ್ತರ ಓದಿಗೆ ಒಟ್ಟು 1 ಲಕ್ಷ ಡಾಲರ್ ಮಿತಿ. ವೈದ್ಯಕೀಯ, ಕಾನೂನಿನಂಥ ವೃತ್ತಿಪರ ಓದಿಗೆ 2 ಲಕ್ಷ.

ಹೆಸರಾಂತ ಜಾಗದಲ್ಲಿ ಓದಿದರೆ ಸಾಕು ಅನ್ನುವ ಧೈರ್ಯವೂ ಸ್ವಲ್ಪ ಅಲ್ಲಾಡಿದೆ. ಹಾರ್ವರ್ಡ್‌ನ 2024ರ ಎಂಬಿಎ ಬ್ಯಾಚಿನಲ್ಲಿ ಕೆಲಸ ಹುಡುಕುತ್ತಿದ್ದವರ ಪೈಕಿ ಶೇ 23 ಜನರಿಗೆ ಓದು ಮುಗಿದು ಮೂರು ತಿಂಗಳಾದರೂ ಕೆಲಸ ಸಿಕ್ಕಿರಲಿಲ್ಲ. ಆಮೇಲೆ ಸಿಕ್ಕಿರುತ್ತದೆ ಬಿಡಿ. ಆದರೆ ಅಂಥ ಕಡೆ ಜನ ದುಡ್ಡು ಸುರಿಯುವುದೇ ಈ ಮೂರು ತಿಂಗಳು ಕಾಯಬಾರದು ಅಂತ.

ಚೀನಾದ ಅಂಕಿಗಳು ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತವೆ. ಅಲ್ಲಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದವರು 2023ರಲ್ಲಿ 47.4 ಲಕ್ಷ. ಅದೇ ವರ್ಷ ಜೂನ್‌ನಲ್ಲಿ ನಗರಗಳ ಯುವಜನರ ನಿರುದ್ಯೋಗ ಶೇ 21.3ಕ್ಕೆ ಏರಿತು. ಸರ್ಕಾರ ಸ್ವಲ್ಪ ಕಾಲ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ಅರ್ಜಿಗಳು 2024ರಲ್ಲಿ 43.8 ಲಕ್ಷಕ್ಕೆ, 2025ರಲ್ಲಿ 38.8 ಲಕ್ಷಕ್ಕೆ ಇಳಿದವು. ಕೆಲಸ ಸಿಗದಾಗ ಓದಿಗೆ ಮರಳುವುದು ಎಲ್ಲ ಕಡೆಯ ರೂಢಿ. ಕೆಲಸವೂ ಇಲ್ಲ, ಓದಿನ ಮೇಲೆ ನಂಬಿಕೆಯೂ ಇಲ್ಲ ಅನ್ನುವ ಹಂತ ಹೊಸದು.

ಬಿಸಿ ತುಪ್ಪ

ಅದೇ 2023ರಲ್ಲಿ ಚೀನಾದ ಯುವಜನ ತಮ್ಮನ್ನು ಕುಂಗ್ ಯಿಜಿ ಅನ್ನುವ ಹಳೆಯ ಕಥಾಪಾತ್ರಕ್ಕೆ ಹೋಲಿಸಿಕೊಂಡು ನಗಲು ಶುರುಮಾಡಿದರು. ಅವನು ಪರೀಕ್ಷೆ ಪಾಸಾಗದ ಬಡ ಪಂಡಿತ. ಕೂಲಿಗಳ ಜತೆ ನಿಂತು ಕುಡಿಯುತ್ತಾನೆ, ಆದರೆ ಪಂಡಿತರ ಉದ್ದ ನಿಲುವಂಗಿ ಮಾತ್ರ ಬಿಚ್ಚುವುದಿಲ್ಲ. ‘ಓದು ನಮಗೆ ಬಿಚ್ಚಲಾಗದ ನಿಲುವಂಗಿಯಾಯಿತು’ ಅಂತ ಹುಡುಗರು ಬರೆದುಕೊಂಡರು. ನಿಲುವಂಗಿ ಬಿಚ್ಚಿ ಯಾವ ಕೆಲಸವಾದರೂ ಮಾಡಿ ಅಂತ ಸರ್ಕಾರಿ ಮಾಧ್ಯಮ ಬುದ್ಧಿ ಹೇಳಿತು. ಅಂಗಿ ಹೊಲಿಸಿಕೊಟ್ಟವರೇ ಹೀಗೆ ಹೇಳಿದ್ದಕ್ಕೆ ಹುಡುಗರಿಗೆ ಇನ್ನೂ ಸಿಟ್ಟು ಬಂತು.

ಬಿಟ್ಟುಬಿಡುವುದು ಯಾಕೆ ಕಷ್ಟ? ನಾಲ್ಕು ವರ್ಷ ಕಳೆದಿದ್ದೇನೆ, ಇನ್ನೊಂದೇ ವರ್ಷ ಅನ್ನಿಸುತ್ತದೆ. ಆ ಒಂದು ವರ್ಷ ಮುಗಿಯುವುದೇ ಇಲ್ಲ. ಬಿಸಿ ತುಪ್ಪದ ಹಾಗೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಅಮೆರಿಕ ಮತ್ತು ಕೆನಡಾದಲ್ಲಿ ಹಿಂದೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಹತ್ತು ವರ್ಷದೊಳಗೆ ಪಿಎಚ್‌ಡಿ ಮುಗಿಸಿದವರು ಶೇ 57ರಷ್ಟಿದ್ದರು. ಉಳಿದವರ ಕಥೆ ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ.

ಮನಸ್ಸಿನ ಮೇಲೆ ಇದರ ಹೊಡೆತ ಚಿಕ್ಕದಲ್ಲ. 2018ರಲ್ಲಿ 26 ದೇಶಗಳ 2,279 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ 39ರಷ್ಟು ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಖಿನ್ನತೆಯ ಲಕ್ಷಣ ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿತ್ತು. ತೊಂದರೆಯಲ್ಲಿದ್ದವರೇ ಹೆಚ್ಚಾಗಿ ಉತ್ತರ ಕೊಟ್ಟಿರಬಹುದು, ಆ ಸಂಖ್ಯೆಯನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಅದಕ್ಕಿಂತ ಗಟ್ಟಿಯಾದದ್ದು ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ನಡೆದ 2017ರ ಅಧ್ಯಯನ. ಅಲ್ಲಿ ಮೂವರಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಮಾನಸಿಕ ಕಾಯಿಲೆಯ ಅಪಾಯದಲ್ಲಿದ್ದ. ಅಷ್ಟೇ ಓದಿ ಬೇರೆ ಕಡೆ ದುಡಿಯುವವರಿಗಿಂತ ಇದು ಜಾಸ್ತಿ. ಗೈಡ್ ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದಕ್ಕೂ ಇದಕ್ಕೂ ನಂಟಿತ್ತು. ವಿಶ್ವವಿದ್ಯಾಲಯದ ಹೊರಗೆ ತನಗೆ ಎಂಥ ಭವಿಷ್ಯ ಇದೆ ಅಂತ ವಿದ್ಯಾರ್ಥಿ ಅಂದುಕೊಂಡಿದ್ದಾನೆ ಅನ್ನುವುದಕ್ಕೂ ನಂಟಿತ್ತು. ಈ ಎರಡನೆಯದು ನನಗೆ ಮುಖ್ಯ ಅನ್ನಿಸುತ್ತದೆ. ಹೊರಗಿನ ದಾರಿಯ ಬಗ್ಗೆ ಮಾತಾಡುವುದೇ ಸೋಲು ಅನ್ನುವ ವಾತಾವರಣ ಎಷ್ಟೋ ವಿಭಾಗಗಳಲ್ಲಿದೆ.

ವಿಚಿತ್ರ ಏನೆಂದರೆ, ಹೊರಗೆ ಹೋಗುವುದು ಈಗ ಅಪವಾದವೇ ಅಲ್ಲ. 2017ರ ಹೊತ್ತಿಗೇ ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿ ಆದವರಲ್ಲಿ ಖಾಸಗಿ ವಲಯದಲ್ಲಿರುವವರೂ ಶಿಕ್ಷಣ ಸಂಸ್ಥೆಗಳಲ್ಲಿರುವವರೂ ಹೆಚ್ಚುಕಡಿಮೆ ಸಮವಾಗಿದ್ದರು. ಚೀನಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ವೃತ್ತಿಪರ ವಿಭಾಗಗಳಲ್ಲಿ ಥೀಸಿಸ್ ಬದಲು ಮಾಡಿ ತೋರಿಸಿದ ಕೆಲಸವನ್ನೇ ಒಪ್ಪಿಸಿ ಪದವಿ ಪಡೆಯಬಹುದು. ಎಂಜಿನಿಯರ್ ಆದರೆ ತಾನು ರೂಪಿಸಿದ ಯಂತ್ರವನ್ನು ಮುಂದಿಡಬಹುದು. ಒಳ್ಳೆಯ ಪ್ರಯೋಗ ಅನ್ನಿಸುತ್ತದೆ.

ಕೇಳಬೇಕಾದ ಪ್ರಶ್ನೆ

ಹಾಗಾದರೆ ಓದಲೇಬಾರದಾ? ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ವಿಷಯದ ಮೇಲಿನ ಪ್ರೀತಿಯಿಂದ ಐದು ವರ್ಷ ಕೊಡುವವರು ಇರುತ್ತಾರೆ, ಅವರಿಗೆ ಆ ಐದು ವರ್ಷವೇ ಸಂಪಾದನೆ. ಖರ್ಚನ್ನು ಯಾರು ಭರಿಸುತ್ತಾರೆ ಅನ್ನುವುದೊಂದು ಸ್ಪಷ್ಟವಿದ್ದರೆ ಸಾಕು. ನನ್ನ ತಕರಾರು ಕಣ್ಣು ಕಟ್ಟಿ ಕರೆದುಕೊಂಡು ಹೋಗುವುದರ ಬಗ್ಗೆ.

ಸೇರುವ ಮೊದಲು ಗೈಡ್‌ಗೆ ಒಂದು ಪ್ರಶ್ನೆ ಕೇಳಬಹುದು: ‘ನಿಮ್ಮ ಹತ್ತಿರ ಕೊನೆಯದಾಗಿ ಮುಗಿಸಿದ ಹತ್ತು ಜನ ಈಗ ಎಲ್ಲಿದ್ದಾರೆ? ನಡುವೆ ಬಿಟ್ಟವರು ಎಷ್ಟು?’ ಕೆಲವರು ಹೆಸರು ಹೆಸರಾಗಿ ಹೇಳುತ್ತಾರೆ. ಇವನು ಆ ಕಂಪನಿಯಲ್ಲಿದ್ದಾನೆ, ಇವಳು ಶಾಲೆ ನಡೆಸುತ್ತಾಳೆ, ಇವನಿಗೆ ನನ್ನಿಂದ ಸರಿಯಾದ ಸಹಾಯ ಆಗಲಿಲ್ಲ ಅಂತ ಒಪ್ಪಿಕೊಳ್ಳುವವರೂ ಇದ್ದಾರೆ. ಅಂಥವರು ಸಿಕ್ಕರೆ ಪುಣ್ಯ. ಕೆಲವರು ಇಬ್ಬರ ಹೆಸರು ಹೇಳಿ ‘ಉಳಿದವರೆಲ್ಲ ಚೆನ್ನಾಗಿದ್ದಾರೆ’ ಅನ್ನುತ್ತಾರೆ. ಪ್ರಶ್ನೆಯೇ ಅಪರಾಧ ಎನ್ನುವಂತೆ ನೋಡುವವರೂ ಉಂಟು.

ಒಬ್ಬೊಬ್ಬರೇ ಕೇಳಿ ತಿಳಿಯಬೇಕಾದ ವಿಷಯ ಇದಾಗಬಾರದಿತ್ತು. 2017ರ ಕೊನೆಯಲ್ಲಿ ಅಮೆರಿಕದ ಹತ್ತು ಸಂಸ್ಥೆಗಳು ಜೀವವಿಜ್ಞಾನದ ಪಿಎಚ್‌ಡಿ ಎಷ್ಟು ವರ್ಷ ಹಿಡಿಯುತ್ತದೆ, ಎಷ್ಟು ಜನ ಮುಗಿಸುತ್ತಾರೆ, ಆಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ಬಹಿರಂಗವಾಗಿ ಪ್ರಕಟಿಸಲು ಒಪ್ಪಿಕೊಂಡವು. ಇನ್ನಷ್ಟು ಸಂಸ್ಥೆಗಳು ಆಮೇಲೆ ಸೇರಿದವು. ಪಿಎಚ್‌ಡಿ ಅಲ್ಲಿಗೆ ಬಂದು ಆಗಲೇ ನೂರೈವತ್ತು ವರ್ಷ ದಾಟಿತ್ತು.

ರೆಸ್ಯೂಮೆಯಿಂದ ಪಿಎಚ್‌ಡಿ ಅಳಿಸಿದವರ ಸುದ್ದಿಗೆ ಬರುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ ಅವರು ಬಾಸ್‌ಗೆ ನಿಜ ಹೇಳಿದರಂತೆ. ಬಾಸ್ ನಕ್ಕು, ‘ನಾನೂ ಹಾಗೇ ಬಂದವನು’ ಅಂದರಂತೆ. ಅವರ ಹಳೆಯ ಲ್ಯಾಬಿನವರದ್ದು ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಮೊದಲು ಅದರಲ್ಲಿ ಬರೀ ಹಬ್ಬದ ಶುಭಾಶಯ ಇರುತ್ತಿತ್ತು. ಈಗ ಯಾರು ಎಲ್ಲಿದ್ದಾರೆ, ಎಷ್ಟು ವರ್ಷ ಹಿಡಿಯಿತು, ಯಾರು ಬಿಟ್ಟರು ಅನ್ನುವ ಪಟ್ಟಿಯೊಂದನ್ನು ಮೇಲೆ ಪಿನ್ ಮಾಡಿಟ್ಟಿದ್ದಾರೆ. ಗೈಡ್ ಆ ಗುಂಪಿನಲ್ಲಿಲ್ಲ. ಹೊಸದಾಗಿ ಅರ್ಜಿ ಹಾಕಿದ ಹುಡುಗರು ಹೇಗೋ ನಂಬರ್ ಹುಡುಕಿ ಸೇರಿಕೊಳ್ಳುತ್ತಾರೆ, ಲ್ಯಾಬಿಗೆ ಸೇರುವ ಮೊದಲೇ.